ಚಿಂತಾಮಣಿ ಬಸ್ಸಿನ ಅಕ್ಕನಿಗೆ ಧನ್ಯವಾದ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಕೋಲಾರದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ನನ್ನ ಮಗಳ ಪಕ್ಕ ಕೂತಿದ್ದಿರಿ. ಸೆಕೆಂಡ್ ಪಿಯು ಕೆಮಿಸ್ಟ್ರಿ ಅಂದರೆ ಅವಳಿಗೆ ಅಳುವೇ ಬರುತ್ತಿತ್ತು. ಆರ್ಗ್ಯಾನಿಕ್ ಪಾಠವನ್ನು ಸುಮ್ನೆ ಬಾಯಿಪಾಠ ಮಾಡುತ್ತಿದ್ದಳು. ನೀವು ಒಂದೇ ಪ್ರಶ್ನೆ ಕೇಳಿದಿರಿ: "ಆಲ್ಫಾ ಹೈಡ್ರೋಜನ್ ಇದೆಯಾ, ನೋಡಮ್ಮ?" ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಂಟಿಕೊಂಡಿರುವ ಹೈಡ್ರೋಜನ್. ಅಸಿಟಾಲ್ಡಿಹೈಡ್‌ನಲ್ಲಿ ಇದೆ, ಹಾಗಾಗಿ ಆಲ್ಡಾಲ್ ಅನ್ನುವ ರಿಯಾಕ್ಷನ್. ಬೆಂಜಾಲ್ಡಿಹೈಡ್‌ನಲ್ಲಿ ಇಲ್ಲ, ಗಾಢ ಕ್ಷಾರ ಸೇರಿಸಿದರೆ ಕ್ಯಾನಿಜಾರೊ ಅನ್ನುವ ಬೇರೆ ರಿಯಾಕ್ಷನ್. ಎಷ್ಟೋ ದಿನದ ಗೊಂದಲ ಅಲ್ಲೇ ಬಗೆಹರಿಯಿತು. ಲೆಕ್ಕಗಳನ್ನು ಬರೀ ಓದಬೇಡ, ಪೆನ್ನು ಹಿಡಿದು ಮಾಡು, ಪ್ರತಿ ಸಾಲಿಗೂ ಯೂನಿಟ್ ಬರಿ ಅಂದಿರಿ. ನನಗೆ ಜಾಸ್ತಿ ಹಿಡಿಸಿದ್ದು ಈ ಮಾತೇ. ಫಸ್ಟ್ ಆರ್ಡರ್ ರಿಯಾಕ್ಷನ್ನಿನ ಅರ್ಧಾಯುಷ್ಯ (ವಸ್ತು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಬೇಕಂದರೆ 0.693 ಅನ್ನು ಕೆ ಇಂದ, ಅಂದರೆ ಆ ರಿಯಾಕ್ಷನ್ನಿನ ವೇಗದ ಸ್ಥಿರಾಂಕದಿಂದ, ಭಾಗಿಸಬೇಕು ಅಂತ ಟಿಕೆಟ್ ಹಿಂದೆ ಬರೆದುಕೊಟ್ಟಿರಿ. ಆ ಟಿಕೆಟ್ ಇನ್ನೂ ಅವಳ ಪೌಚಿನಲ್ಲಿದೆ. ಇಳಿಯುವ ಅವಸರದಲ್ಲಿ ಹೇಳಲಾಗಲಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕಾ.