ಮಗಳಿಗೊಂದು ಪತ್ರ: ಹಳೇ ಕೇಸು ಮತ್ತು ವೀಸಾ ಅರ್ಜಿ

ಪ್ರೀತಿಯ ಮಗಳೇ,

ವೀಸಾ ಅರ್ಜಿಯಲ್ಲಿ ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಅಂತ ಒತ್ತಿಬಿಡಲೇ ಎಂದು ಕೇಳಿದ್ದೀಯ. ಬೇಡ ಕಣಮ್ಮ. ಅಷ್ಟು ಹಳೇ ಕೇಸು, ದಂಡ ಕಟ್ಟಿ ಮುಗಿದದ್ದು, ಈಗ ಯಾರು ಕೆದಕುತ್ತಾರೆ ಅನ್ನಿಸುವುದು ಸಹಜ. ಆದರೆ ಕೇಸಿನ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ ಮುಂದೆ ಮತ್ತೆ ಹಾಕಲು ದಾರಿಯಿರುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಆ ಸುಳ್ಳೇ ಹೊಸ ಅಡ್ಡಿಯಾಗಿ ನಿಲ್ಲುತ್ತದೆ. ತಪ್ಪು ಮಾಹಿತಿ ಕೊಟ್ಟವರಿಗೆ ಕೆನಡಾ 5 ವರ್ಷ ಬಾಗಿಲು ಮುಚ್ಚುತ್ತದೆ. ಅರ್ಜಿಯಲ್ಲಿ ವಂಚಿಸಿದರೆ ಬ್ರಿಟನ್ನಿನಲ್ಲಿ 10 ವರ್ಷ. ಅಮೆರಿಕದಲ್ಲಂತೂ ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟವರಿಗೆ ಕಾಲಮಿತಿಯೇ ಇಲ್ಲದ ನಿರ್ಬಂಧ. ವಿನಾಯಿತಿ ಸಿಕ್ಕರಷ್ಟೇ ಪ್ರವೇಶ. ಈ ಮೂರು ದೇಶಗಳು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜೊತೆ ಸೇರಿ ವಲಸೆ ಅರ್ಜಿದಾರರ ಬೆರಳಚ್ಚನ್ನು ಪರಸ್ಪರ ತಾಳೆ ನೋಡುತ್ತವೆ. ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ಹೇಳಿದ್ದಕ್ಕೆ ಹೊಂದದಿದ್ದರೂ ಕಷ್ಟ.

ಅರ್ಜಿ ತೆರೆಯುವ ಮೊದಲು ತೀರ್ಪಿನ ದೃಢೀಕೃತ ನಕಲು ತರಿಸಿಕೋ. ಕೇಸು ನಡೆದ ನ್ಯಾಯಾಲಯದ ದಾಖಲೆ ವಿಭಾಗಕ್ಕೆ ಕೇಸ್ ನಂಬರು ಕೊಟ್ಟು ಅರ್ಜಿ ಹಾಕಬೇಕು. ಕಡತ ನಾಶವಾಗಿದ್ದರೆ, ದಾಖಲೆ ಲಭ್ಯವಿಲ್ಲ ಎಂದು ಅವರ ಮೊಹರಿನ ಪತ್ರವನ್ನೇ ಪಡೆದುಕೋ. ಖಾಲಿ ಕೈಗಿಂತ ಅದಕ್ಕೆ ಬೆಲೆಯಿದೆ. ಪೊಲೀಸ್ ಪ್ರಮಾಣಪತ್ರ ಬೇರೆ, ತೀರ್ಪು ಬೇರೆ. ಪ್ರಮಾಣಪತ್ರದಲ್ಲಿ ಏನೂ ಇಲ್ಲ ಎಂದು ಬಂದ ಮಾತ್ರಕ್ಕೆ ಶಿಕ್ಷೆ ಇಲ್ಲವಾಗುವುದಿಲ್ಲ.

ತೀರ್ಪು ಕೈಗೆ ಬಂದ ಮೇಲೆ ಪೆನ್ಸಿಲ್ ಹಿಡಿದು ಓದು. ಯಾವ ಕಾಯ್ದೆಯ ಯಾವ ಸೆಕ್ಷನ್, ಆ ಸೆಕ್ಷನ್ನಿಗೆ ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆ ಎಷ್ಟು, ನಿನಗೆ ವಿಧಿಸಿದ್ದು ಎಷ್ಟು, ಕೃತ್ಯ ನಡೆದ ದಿನ ನಿನ್ನ ವಯಸ್ಸೆಷ್ಟು, ಶಿಕ್ಷೆ ಪೂರ್ತಿಯಾಗಿ ಮುಗಿದದ್ದು ಯಾವತ್ತು. ಇವನ್ನು ಗುರುತು ಮಾಡಿಕೋ. ಜನ ಎಡವುವುದು ಎರಡನೆಯದರಲ್ಲಿ. ಬರೀ ದಂಡ ತಾನೇ, ಸಣ್ಣದು ಅಂದುಕೊಳ್ಳುತ್ತಾರೆ. ಅಮೆರಿಕದ ಲೆಕ್ಕ ನೋಡು: ಕಳ್ಳತನ, ವಂಚನೆಯಂಥ ‘ನೈತಿಕ ಅಧಃಪತನ’ದ ಅಪರಾಧ ಒಂದೇ ಒಂದಿದ್ದು, ಅದಕ್ಕೆ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 1 ವರ್ಷ ಮೀರದೆ, ವಿಧಿಸಿದ ಶಿಕ್ಷೆಯೂ 6 ತಿಂಗಳು ಮೀರದಿದ್ದರೆ ಸಣ್ಣ ಅಪರಾಧದ ರಿಯಾಯಿತಿ ಸಿಗುತ್ತದೆ. ಗರಿಷ್ಠ 3 ವರ್ಷ ಇರುವ ಸೆಕ್ಷನ್ನಿನಡಿ ಬರೀ ದಂಡ ಕಟ್ಟಿ ಹೊರಬಂದವರಿಗೆ ಈ ರಿಯಾಯಿತಿ ಇಲ್ಲ. ಇನ್ನೂ ಒಂದು: 1 ವರ್ಷದ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟು, ಒಂದು ದಿನವೂ ಜೈಲು ನೋಡದಿದ್ದರೂ ಅವರು ಅದನ್ನು 1 ವರ್ಷವೆಂದೇ ಎಣಿಸುತ್ತಾರೆ. ಮಾದಕ ವಸ್ತುವಿನ ಕೇಸಿಗೆ ಈ ರಿಯಾಯಿತಿ ಅನ್ವಯಿಸುವುದೇ ಇಲ್ಲ.

ರಿಯಾಯಿತಿಯೊಳಗೆ ಬರದಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಅಮೆರಿಕದ ಪ್ರವಾಸದಂಥ ತಾತ್ಕಾಲಿಕ ವೀಸಾಕ್ಕೆ ಪ್ರತ್ಯೇಕ ವಿನಾಯಿತಿ ಕೇಳಬಹುದು. ಸಂದರ್ಶನದ ಅಧಿಕಾರಿ ಶಿಫಾರಸು ಮಾಡಿದರೆ ಕಡತ ಮೇಲಕ್ಕೆ ಹೋಗುತ್ತದೆ. ಅಲ್ಲಿ ನೋಡುವುದು ಮೂರು: ನಿನ್ನನ್ನು ಒಳಬಿಟ್ಟರೆ ಸಮಾಜಕ್ಕೆ ಅಪಾಯವಿದೆಯೇ, ಹಿಂದಿನ ತಪ್ಪು ಎಷ್ಟು ಗಂಭೀರ, ಹೋಗಬೇಕಾದ ಕಾರಣವೇನು. ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 1978ರಲ್ಲಿ ತೀರ್ಮಾನಿಸಿದ ಹ್ರಾಂಕಾ ಪ್ರಕರಣದಿಂದ ಬಂದ ಅಳತೆಗೋಲು ಇದು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಹಣ ವಾಪಸು ಬಾರದ ಟಿಕೆಟ್ಟನ್ನು ಯಾವ ಕಾರಣಕ್ಕೂ ಮೊದಲೇ ಕೊಳ್ಳಬೇಡ.

ಕೆನಡಾದವರ ಕ್ರಮವೇ ಬೇರೆ. ನಿನ್ನ ಕೃತ್ಯ ಅವರ ನೆಲದಲ್ಲಿ ನಡೆದಿದ್ದರೆ ಯಾವ ಅಪರಾಧವಾಗುತ್ತಿತ್ತು ಎಂದು ಅವರ ಕಾನೂನಿಗೆ ಹೊಂದಿಸಿ ನೋಡುತ್ತಾರೆ. ಕುಡಿದು ವಾಹನ ಓಡಿಸಿದ್ದು ಎಷ್ಟೋ ಕಡೆ ದಂಡ ಕಟ್ಟಿ ಮರೆಯುವ ವಿಷಯ. ಕೆನಡಾದಲ್ಲಿ 2018ರ ಡಿಸೆಂಬರ್ 18ರಿಂದ ಅದಕ್ಕೆ ಗರಿಷ್ಠ 10 ವರ್ಷ ಶಿಕ್ಷೆ, ಹಾಗಾಗಿ ಗಂಭೀರ ಅಪರಾಧದ ಸಾಲಿಗೆ ಸೇರುತ್ತದೆ. ಅದಕ್ಕಿಂತ ಕಡಿಮೆ ತೂಕದ ಒಂದೇ ಅಪರಾಧವಿದ್ದು, ಶಿಕ್ಷೆ ಮುಗಿದು 10 ವರ್ಷ ಕಳೆದಿದ್ದರೆ ಸುಧಾರಿಸಿದವರೆಂದು ತಾವಾಗಿ ಪರಿಗಣಿಸುವ ಅವಕಾಶವಿದೆ. 5 ವರ್ಷ ಕಳೆದಿದ್ದರೆ ಅದಕ್ಕಾಗಿ ಅರ್ಜಿ ಹಾಕಬಹುದು. ಎಣಿಕೆ ತೀರ್ಪಿನ ದಿನದಿಂದಲ್ಲ, ಶಿಕ್ಷೆಯ ಕೊನೆಯ ಭಾಗ ಮುಗಿದ ದಿನದಿಂದ. ದಂಡ ತಡವಾಗಿ ಕಟ್ಟಿದ್ದರೆ ಲೆಕ್ಕವೂ ಅಲ್ಲಿಂದಲೇ ಶುರು. ಆ ದಂಡದ ರಸೀದಿ ಹುಡುಕಿಡು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬ್ರಿಟನ್ 12 ತಿಂಗಳ ಗೆರೆ ಎಳೆದಿದೆ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾಗಿದ್ದರೆ ಸಾಮಾನ್ಯವಾಗಿ ತಿರಸ್ಕಾರವೇ. ಪ್ರವಾಸಿಗೆ ದಂಡ ಮಾತ್ರ ಆಗಿದ್ದರೆ ತೀರ್ಪಾಗಿ 12 ತಿಂಗಳು ದಾಟಿರಬೇಕು, ಆಮೇಲಿನದು ಅಧಿಕಾರಿಯ ವಿವೇಚನೆ. ಇಂತಿಷ್ಟು ಅವಧಿ ಕಳೆದರೆ ಹಳೇ ಶಿಕ್ಷೆಯನ್ನು ಹೇಳಬೇಕಿಲ್ಲ ಎಂದು ಅವರ ದೇಶದ ಕಾನೂನು ಕೊಡುವ ರಕ್ಷಣೆ ವೀಸಾ ಅರ್ಜಿಗೆ ಇಲ್ಲ, ಹಳೆಯದನ್ನೂ ಬರೆಯಲೇಬೇಕು. ಆಸ್ಟ್ರೇಲಿಯಾದ ನಡತೆ ಪರೀಕ್ಷೆಯಲ್ಲೂ 12 ತಿಂಗಳ ಶಿಕ್ಷೆಯೇ ಗಡಿ. ಜಪಾನ್ 1 ವರ್ಷ ಅಥವಾ ಮೇಲ್ಪಟ್ಟ ಜೈಲು ಶಿಕ್ಷೆಯಾದವರನ್ನೂ, ಮಾದಕ ವಸ್ತುವಿನ ಅಪರಾಧಕ್ಕೆ ಶಿಕ್ಷೆಯಾದವರನ್ನೂ ತಡೆಯುತ್ತದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದ ಸಾಮಾನ್ಯ ನಮೂನೆಯಲ್ಲಿ ಶಿಕ್ಷೆಯ ಪ್ರಶ್ನೆಯೇ ಇಲ್ಲ. ಕೇಳದ್ದನ್ನು ನೀನಾಗಿ ಬರೆಯಬೇಕಿಲ್ಲ. ಪ್ರಾಮಾಣಿಕತೆ ಅಂದರೆ ಕೇಳಿದ್ದಕ್ಕೆ ಪೂರ್ತಿ ಉತ್ತರ, ಅಷ್ಟೇ.

ಕೇಳಿದ್ದೇನು ಎಂಬುದನ್ನು ಮಾತ್ರ ಪದಪದವಾಗಿ ನೋಡು. ಅಮೆರಿಕದ ತಾತ್ಕಾಲಿಕ ವೀಸಾದ ಅರ್ಜಿ ನಮೂನೆ ಡಿಎಸ್-160 ಶಿಕ್ಷೆಯನ್ನಷ್ಟೇ ಕೇಳುವುದಿಲ್ಲ. ಬಂಧನವಾಗಿತ್ತೇ ಅಂತಲೂ ಕೇಳುತ್ತದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು. ಬಂಧನವಾಗಿದ್ದರೆ, ಕೇಸು ಖುಲಾಸೆಯಾಗಿದ್ದರೂ ಅಲ್ಲಿ ‘ಹೌದು’ ಎಂದೇ ಒತ್ತಬೇಕು. ಅರ್ಜಿಯನ್ನು ಏಜೆಂಟ್ ತುಂಬಿದರೂ ಜವಾಬ್ದಾರಿ ನಿನ್ನದೇ, ಕಳಿಸುವ ಮುನ್ನ ಪ್ರತಿ ಪುಟವನ್ನೂ ನೀನೇ ಓದು.

ವಿವರಣಾ ಪತ್ರ ಒಂದು ಪುಟ ಮೀರದಿರಲಿ. ಹೀಗೆ ಶುರು ಮಾಡಬಹುದು: ‘ಇಂಥ ದಿನಾಂಕದಂದು ಇಂಥ ನ್ಯಾಯಾಲಯ ಇಂಥ ಸೆಕ್ಷನ್ನಿನಡಿ ನನ್ನನ್ನು ತಪ್ಪಿತಸ್ಥಳೆಂದು ತೀರ್ಮಾನಿಸಿ ಇಷ್ಟು ದಂಡ ವಿಧಿಸಿತು. ಅದನ್ನು ಇಂಥ ದಿನ ಕಟ್ಟಿದ್ದೇನೆ. ತೀರ್ಪಿನ ನಕಲು ಮತ್ತು ರಸೀದಿ ಲಗತ್ತಿಸಿದೆ.’ ಆಮೇಲೆ ನಡೆದದ್ದು ಎರಡು ಮೂರು ವಾಕ್ಯದಲ್ಲಿ, ಅಂದಿನಿಂದ ಇಂದಿನವರೆಗಿನ ಓದು, ಕೆಲಸ, ಬೇರೆ ಕೇಸಿಲ್ಲ ಎಂಬುದು, ಈಗ ಹೋಗುವ ಕಾರಣ. ‘ನನ್ನನ್ನು ಸಿಕ್ಕಿಸಿಹಾಕಿದರು’ ಎಂದು ವಾದಕ್ಕಿಳಿಯಬೇಡ. ವೀಸಾ ಅಧಿಕಾರಿ ಆ ತೀರ್ಪನ್ನು ಮರುವಿಚಾರಣೆ ಮಾಡುವುದಿಲ್ಲ. ಪತ್ರ ಒಂದು ಹೇಳಿ ತೀರ್ಪು ಇನ್ನೊಂದು ಹೇಳಿದರೆ ಅವರು ನಂಬುವುದು ತೀರ್ಪನ್ನೇ. ಕೃತ್ಯದ ದಿನಾಂಕ ಬರೆಯಬೇಕಾದಲ್ಲಿ ತೀರ್ಪಿನ ದಿನಾಂಕ ಬರೆಯುವ ಸಣ್ಣ ತಪ್ಪಿನಿಂದಲೂ ಅನುಮಾನ ಹುಟ್ಟುತ್ತದೆ. ತೀರ್ಪು ಅವರಿಗೆ ತಿಳಿಯದ ಭಾಷೆಯಲ್ಲಿದ್ದರೆ ಪೂರ್ತಿ ಅನುವಾದ ಬೇಕು. ಅದರಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಲಿ.

ಸಂದರ್ಶನದಲ್ಲಿ ಕೇಳಿದರೆ ಪತ್ರದಲ್ಲಿ ಇರುವುದನ್ನೇ ನಿಧಾನವಾಗಿ ಹೇಳು, ಉದ್ದ ಮಾಡಬೇಡ. ಗರಿಷ್ಠ ಶಿಕ್ಷೆ 1 ವರ್ಷ ದಾಟುವ ಸೆಕ್ಷನ್ ಅಥವಾ ಒಂದಕ್ಕಿಂತ ಹೆಚ್ಚು ಕೇಸು ಇದ್ದರೆ ಆ ದೇಶದ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣು, ಅಲ್ಲಿ ಖರ್ಚು ಉಳಿಸಬೇಡ. ವಿಮಾನ ಬದಲಿಸುವ ದೇಶಕ್ಕೂ ಇದೇ ನಿಯಮಗಳು ಬರಬಹುದು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವಲಸೆ ತಪಾಸಣೆ ದಾಟಲೇಬೇಕು. ಹಾಗಾಗಿ ಮಾರ್ಗ ಆರಿಸುವಾಗಲೇ ನೋಡಿಕೋ. ವೀಸಾ ಸಿಕ್ಕಿದ ಮೇಲೂ ಗಡಿಯಲ್ಲಿ ಮತ್ತೆ ಕೇಳಬಹುದು. ತೀರ್ಪು, ರಸೀದಿ, ವಿವರಣಾ ಪತ್ರ ಮೂರರ ಒಂದೊಂದು ಪ್ರತಿ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡ.

ತೀರ್ಪಿನ ನಕಲು ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಸೆಕ್ಷನ್ ನೋಡಿದ ಮೇಲೆ ಯಾವ ದೇಶಕ್ಕೆ ಮೊದಲು ಅರ್ಜಿ ಹಾಕುವುದು ಅಂತ ಮಾತಾಡೋಣ.

ನಿನ್ನ ಅಪ್ಪ