ಸಹಿ ಮಾತ್ರ ನನ್ನದು ಎಂದು ಬರೆದಿದ್ದೀಯ

ಚಿ. ಪುಟ್ಟಿಗೆ, ತೀರ್ಥಹಳ್ಳಿಯಿಂದ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾರೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ನೀನು ಬರೆದ ಕಾಗದದ ಒಂದು ಸಾಲು ಮೂರು ರಾತ್ರಿ ನನಗೆ ನಿದ್ದೆ ಕೊಟ್ಟಿಲ್ಲ. "ಫಲಿತಾಂಶಕ್ಕೆ ಸಹಿ ಮಾತ್ರ ನನ್ನದು ಚಿಕ್ಕಪ್ಪ, ಒಳಗೇನು ನಡೆಯುತ್ತದೋ ಗೊತ್ತಾಗುವುದಿಲ್ಲ." ಪರೀಕ್ಷೆ ಬರೆದ ಹುಡುಗಿಗೆ ಕಂಪ್ಯೂಟರು ಗೈರುಹಾಜರಿ ತೋರಿಸಿತು, ನೀನು "ಸಿಸ್ಟಂನಲ್ಲಿ ಹಾಗೇ ಇದೆಯಮ್ಮ" ಎಂದು ಕಳಿಸಿದೆ.

ನಿನ್ನ ಕಷ್ಟ ಗೊತ್ತು. 2021-22ರಲ್ಲಿ ಎನ್‌ಇಪಿ ಎಂಬ ರಾಷ್ಟ್ರೀಯ ಶಿಕ್ಷಣ ನೀತಿಯೂ, ಪ್ರವೇಶ-ಪರೀಕ್ಷೆ-ಫಲಿತಾಂಶಗಳ ಯುಯುಸಿಎಂಎಸ್ ತಂತ್ರಾಂಶವೂ ಜೊತೆಜೊತೆಗೇ ಬಂದವು. ಎರಡೂ ಕೈಗೆ ಹತ್ತುವ ಹೊತ್ತಿಗೆ, 2024-25ರಲ್ಲಿ, ಎನ್‌ಇಪಿಯ ನಾಲ್ಕು ವರ್ಷದ ವ್ಯವಸ್ಥೆ ಹೋಗಿ ಪದವಿ ಮತ್ತೆ 3 ವರ್ಷದ್ದಾಯಿತು. ಹಳೇ ಸ್ಕೀಮಿನ ರಿಪೀಟರುಗಳು, ಎನ್‌ಇಪಿಯವರು, ಹೊಸಬರು, ಎಲ್ಲರ ಲೆಕ್ಕವೂ ನಿನ್ನ ಮೇಜಿನ ಮೇಲೆ. 2000ದ ವಿಶ್ವವಿದ್ಯಾಲಯ ಕಾಯಿದೆ ಪರೀಕ್ಷೆಯ ಹೊಣೆಯನ್ನು ಮೌಲ್ಯಮಾಪನ ಕುಲಸಚಿವರ ಮೇಲೆ, ಅಂದರೆ ನಿನ್ನ ಮೇಲೆ, ಹೊರಿಸಿದೆ. ತಂತ್ರಾಂಶವೋ ಇಡೀ ರಾಜ್ಯಕ್ಕೆ ಒಂದೇ, ಒಂದಂಕಿ ತಿದ್ದಬೇಕಾದರೂ ಬೆಂಗಳೂರಿಗೆ ಬರೆಯಬೇಕು ಎನ್ನುತ್ತೀಯ. ಆದರೂ ಸಹಿ ನಿನ್ನದೇ ಅಲ್ಲವೇ ಪುಟ್ಟಿ.

ನಾನು ಪರೀಕ್ಷಾ ವಿಭಾಗದಲ್ಲಿದ್ದಾಗ ಒಬ್ಬರು ಅಂಕ ಓದುವುದು, ಇನ್ನೊಬ್ಬರು ಲೆಡ್ಜರಿನಲ್ಲಿ ಟಿಕ್ ಹಾಕುವುದು, ರಾತ್ರಿ ಹತ್ತರವರೆಗೂ ಇದೇ ಆಗಿತ್ತು. ಕಂಪ್ಯೂಟರು ಬಂತು. ಡಾಟ್ ಮ್ಯಾಟ್ರಿಕ್ಸಿನ ಉದ್ದುದ್ದ ಹಾಳೆಗಳು ಬರತೊಡಗಿದವು. ನನಗೆ ಎಷ್ಟು ಹಗುರವಾಯಿತೆಂದರೆ ತಾಳೆ ನೋಡುವುದನ್ನೇ ಬಿಟ್ಟೆ. ಒಬ್ಬ ಹುಡುಗನ ಇಂಟರ್ನಲ್ ಅಂಕ ಸೇರಿರಲಿಲ್ಲ, ಫೇಲಾಗಿದ್ದ. ಮೂರು ಸಲ ಬಂದ. ಮೂರನೇ ಸಲ ಅವನ ಅಪ್ಪನೂ ಬಂದಿದ್ದರು, ಚಪ್ಪಲಿ ಬಾಗಿಲಾಚೆ ಬಿಟ್ಟು ನಿಂತಿದ್ದರು. ನಾನು ತಲೆ ಎತ್ತದೆ, "ಕಂಪ್ಯೂಟರ್ ತಪ್ಪು ಮಾಡಲ್ಲ" ಅಂದೆ. ಮಳೆಗಾಲ ಕಳೆದ ಮೇಲೆ ಬೇರೇನೋ ಹುಡುಕುವಾಗ ಕಾಲೇಜಿನ ಪಟ್ಟಿ ಸಿಕ್ಕಿತು, ಅವನ ಅಂಕ ಅದರಲ್ಲಿತ್ತು. ತಿದ್ದಿ ಅಂಕಪಟ್ಟಿ ಕಳಿಸಿದೆ. ಅಷ್ಟರಲ್ಲಿ ಬಿ.ಎಡ್ ಪ್ರವೇಶ ಮುಗಿದಿತ್ತು. ಕ್ಷಮೆ ಕೇಳಿ ಒಂದು ಸಾಲು ಬರೆಯಲಿಲ್ಲ. ಇದನ್ನು ನಿನ್ನ ಚಿಕ್ಕಮ್ಮನಿಗೂ ಹೇಳಿರಲಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಎದೆ ಝಲ್ಲೆಂದಿತು. ನನಗಿಲ್ಲದ ಭಯ ನಿನಗಿದೆ. ಅದು ಹೋಗದಿರಲಿ ಎಂದೇ ನನ್ನಾಸೆ.

ಈಗಿನ ಕೆಲಸ ನನಗೆ ಪೂರ್ತಿ ತಿಳಿಯದು, ತಪ್ಪಿದ್ದರೆ ಬಿಟ್ಟುಬಿಡು. ಫಲಿತಾಂಶ ಬಿಡುವ ಮುಂಚೆ ಯಾವುದಾದರೂ ಒಂದು ಕಾಲೇಜಿನ ಪಟ್ಟಿ ತರಿಸಿ ನೀನೇ ಕೂತು ತಾಳೆ ನೋಡಲು ಆಗುತ್ತದೆಯೇ? ಕುಲಪತಿಗಳ ಅವಧಿ 4 ವರ್ಷ, ಬರುತ್ತಾರೆ ಹೋಗುತ್ತಾರೆ. ತಪ್ಪು ಕಂಡರೆ ಯಾರು, ಎಷ್ಟು ದಿನದಲ್ಲಿ ತಿದ್ದಬೇಕು ಎಂಬುದನ್ನು ಅವರಿಂದ ಬರಹದಲ್ಲೇ ಪಡೆದುಕೋ. ಕೌಂಟರಿನಲ್ಲಿ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡುವ ಒಬ್ಬ ಮನುಷ್ಯ ಇರಲಿ. ಹೊರಗುತ್ತಿಗೆಯ ಹುಡುಗರ ಮೇಲೆ ರೇಗಬೇಡ, ಅವರಿಗೆ ಪಾಸ್‌ವರ್ಡ್ ಸಿಕ್ಕಿದೆ, ತರಬೇತಿ ಸಿಕ್ಕಿಲ್ಲ.

ಆ ಹುಡುಗಿ ಮತ್ತೆ ಬಂದಳೇ? ಪರೀಕ್ಷಾ ಕೊಠಡಿಯ ಹಾಜರಾತಿ ಹಾಳೆ ತೆಗೆಸಿ ನೋಡು, ಬರೆದಿದ್ದರೆ ಅವಳ ಸಹಿ ಅದರಲ್ಲಿ ಇದ್ದೇ ಇರುತ್ತದೆ. ಸಿಕ್ಕಿದರೆ ಕಾಲೇಜಿನಿಂದ ನಂಬರ್ ತರಿಸಿಕೊಂಡು ನೀನೇ ಫೋನ್ ಮಾಡು. ಏನಾಯಿತೆಂದು ನನಗೂ ಬರೆ.

ನಿನ್ನ ಚಿಕ್ಕಪ್ಪ