ಮಸಿ ಬಳಿದ ಬಿಲ್ಲುಗಳು: ಸಂಘದ ದಾಖಲೆಗಳ ಪ್ರತಿ ಕೊಡದಿರುವ ಬಗ್ಗೆ ದೂರು

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
28 ಏಪ್ರಿಲ್ 2025

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಮನೆಮಾಲೀಕರ ಸಂಘದ ಆಡಳಿತ ನೋಡಿಕೊಳ್ಳುವ ಸಂಸ್ಥೆ

ಮಾನ್ಯರೇ,

ವಿಷಯ: ಮಾರ್ಚ್ 3ರ ನನ್ನ ಲಿಖಿತ ಕೋರಿಕೆಗೆ ದಾಖಲೆ ಒದಗಿಸದಿರುವುದು

ಇದೇ ದೂರನ್ನು ಇಂಗ್ಲಿಷಿನಲ್ಲಿ ನೋಂದಾಯಿತ ಅಂಚೆಯ ಮೂಲಕ ಕಳುಹಿಸಿದ್ದೇನೆ. ಕಡತಕ್ಕೆ ಅದು ಸಾಕು. ಕನ್ನಡದ ಈ ಪತ್ರ ನಿಮಗಾಗಿ. ಮಾರ್ಚಿನಲ್ಲಿ ಫೋನ್ ಮಾಡಿದಾಗ ನನ್ನ ಹೆಸರು ಕೇಳಿದೊಡನೆ ನೀವೇ ಕನ್ನಡಕ್ಕೆ ಬಂದಿರಿ. "ಅಯ್ಯೋ, ನಮ್ಮವರೇ ಅಲ್ಲವೇ ಮೇಡಂ, ಇದಕ್ಕೆಲ್ಲ ಪತ್ರ ಏಕೆ, ನಾನು ನೋಡಿಕೊಳ್ಳುತ್ತೇನೆ" ಎಂದಿರಿ. ಸಂತೋಷವಾಗಿತ್ತು. ಆಮೇಲೆ ನೀವು ನೋಡಿಕೊಂಡ ಬಗೆ ಹೀಗಿದೆ.

ಜನವರಿಯಿಂದ ಸಂಘಕ್ಕೆ ನಾವು ಕಟ್ಟುವ ತಿಂಗಳ ಶುಲ್ಕ 420 ಡಾಲರಿನಿಂದ 499ಕ್ಕೆ ಏರಿತು. ಲೆಕ್ಕ ಹಾಕಿದರೆ ಶೇ 18.8. ಶೇ 20ನ್ನು ದಾಟಿದರೆ ಸದಸ್ಯರ ಮತ ಕೇಳಬೇಕು ಎಂಬ ನಿಯಮ ನಿಮಗೂ ಸಂಘದ ಆಡಳಿತ ಮಂಡಳಿಗೂ ಚೆನ್ನಾಗಿ ಗೊತ್ತಿದೆ ಎಂಬುದು ಆ ಅಂಕಿಯಿಂದಲೇ ತಿಳಿಯುತ್ತದೆ. ಬಜೆಟ್ಟಿನಲ್ಲಿ ಕೊಟ್ಟ ಕಾರಣ ಉದ್ಯಾನ ನಿರ್ವಹಣೆ. ಆ ನಿರ್ವಹಣೆಯನ್ನು ನಾನು ದಿನವೂ ಕಾಣುತ್ತಿದ್ದೇನೆ. ನನ್ನ ಗ್ಯಾರೇಜಿನ ಪಕ್ಕದ ಸ್ಪ್ರಿಂಕ್ಲರಿನ ತಲೆ ಮುರಿದು ಎರಡು ಚಳಿಗಾಲ ಕಳೆದವು. ಫೆಬ್ರುವರಿಯಲ್ಲಿ ಮಳೆ ಸುರಿಯುತ್ತಿರುವಾಗಲೂ ಬೆಳಿಗ್ಗೆ ಐದೂವರೆಗೆ ಅದು ತನ್ನ ಪಾಡಿಗೆ ಚಿಮ್ಮಿ ಸಿಮೆಂಟಿನ ಕಾಲುದಾರಿಗೆ ನೀರುಣಿಸುತ್ತಿತ್ತು. ಇದಕ್ಕಾಗಿ ಯಾರಿಗೆ ಎಷ್ಟು ಹಣ ಹೋಗುತ್ತಿದೆ ಎಂದು ಕೇಳಿದ್ದು ಅತಿಯಾಯಿತೇ?

ನಾನು ಕೇಳಿದ್ದು ಉದ್ಯಾನದ ಗುತ್ತಿಗೆ ಕರಾರು, 2023, 2024 ಮತ್ತು ಈ ವರ್ಷದ ಬಿಲ್ಲುಗಳು, ಪಾವತಿಯಾದ ಚೆಕ್ಕುಗಳು, ಮಂಡಳಿ ಸಭೆಗಳ ನಡಾವಳಿ. ಮನೆಮಾಲೀಕರ ಸಂಘಗಳಿಗೆ ಅನ್ವಯಿಸುವ ಕ್ಯಾಲಿಫೋರ್ನಿಯಾದ ಡೇವಿಸ್-ಸ್ಟರ್ಲಿಂಗ್ ಕಾಯ್ದೆಯಂತೆ ಇವೆಲ್ಲ ಸದಸ್ಯರು ನೋಡಬಹುದಾದ, ಪ್ರತಿ ಪಡೆಯಬಹುದಾದ ದಾಖಲೆಗಳು. ಸಿವಿಲ್ ಸಂಹಿತೆಯ 5210ನೇ ಸೆಕ್ಷನ್ ಗಡುವನ್ನೂ ಹಾಕಿದೆ: ಚಾಲ್ತಿ ಆರ್ಥಿಕ ವರ್ಷದ ದಾಖಲೆಗೆ 10 ಕೆಲಸದ ದಿನ, ಹಿಂದಿನ ಎರಡು ವರ್ಷಗಳದ್ದಕ್ಕೆ 30 ದಿನ. ಮಾರ್ಚ್ 17 ಕಳೆಯಿತು. ಏಪ್ರಿಲ್ 2 ಕಳೆಯಿತು. ಏಪ್ರಿಲ್ 14ಕ್ಕೆ ಬಂದದ್ದು ಒಂದೇ ಹಾಳೆಯ ಸಾರಾಂಶ, ಜೊತೆಗೆ 'ಸಿಬ್ಬಂದಿಯ ಸಮಯ'ಕ್ಕೆಂದು 350 ಡಾಲರಿನ ಬೇಡಿಕೆ.

ಕಾನೂನು ನಿಮಗೆ ಬಿಟ್ಟುಕೊಟ್ಟಿರುವುದು ನಕಲು ಮತ್ತು ಅಂಚೆಯ ನಿಜವಾದ ಖರ್ಚನ್ನು ಮಾತ್ರ. ಬಿಲ್ಲು, ಚೆಕ್ಕುಗಳಲ್ಲಿ ಗೋಪ್ಯ ವಿವರ ಮುಚ್ಚುವ ಕೆಲಸಕ್ಕೆ ಗಂಟೆಗೆ 10 ಡಾಲರ್ ಮೀರದಂತೆ, ಒಂದು ಕೋರಿಕೆಗೆ ಒಟ್ಟು 200 ಡಾಲರ್ ಮೀರದಂತೆ ಕೇಳಬಹುದು. ಅದನ್ನೂ ಮೊದಲೇ ಅಂದಾಜು ತಿಳಿಸಿ, ನಾನು ಒಪ್ಪಿದ ಮೇಲೆ. 350 ಎಲ್ಲಿಂದ ಬಂತು?

ಕೊನೆಗೆ ಏಪ್ರಿಲ್ 22ರಂದು ಅರ್ಧ ದಿನ ರಜೆ ಹಾಕಿ ನಿಮ್ಮ ಕಚೇರಿಗೇ ಬಂದೆ. ಫೈಲ್ ತಂದಿಟ್ಟ ಹುಡುಗ ಸಭ್ಯ, ಕುಡಿಯಲು ನೀರನ್ನೂ ಕೊಟ್ಟ. ಅವನ ಮೇಲೆ ದೂರಿಲ್ಲ. ಆದರೆ ಬಿಲ್ಲುಗಳಲ್ಲಿ ಗುತ್ತಿಗೆದಾರರ ಹೆಸರಿನ ಮೇಲೂ ಮೊತ್ತದ ಮೇಲೂ ದಪ್ಪ ಕಪ್ಪು ಮಾರ್ಕರ್ ಎಳೆದಿತ್ತು. ಓದಲು ಉಳಿದದ್ದು ದಿನಾಂಕ ಮತ್ತು ಕೆಳಗೆ ಅಚ್ಚಾದ ಧನ್ಯವಾದ. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮಸಿಯ ಹಿಂದೆ 6ರ ಹೊಟ್ಟೆ ಕಂಡಿತು. ಅದರ ಮುಂದೆ ಸೊನ್ನೆಗಳೆಷ್ಟೋ ದೇವರೇ ಬಲ್ಲ. ಫೋಟೋ ತೆಗೆಯೋಣವೆಂದು ಮೊಬೈಲ್ ಹೊರತೆಗೆದರೆ ಅನುಮತಿ ಇಲ್ಲವಂತೆ, ನಕಲು ಬೇಕಿದ್ದರೆ ಮೊದಲು ಆ 350 ಕಟ್ಟಬೇಕಂತೆ.

ಬ್ಯಾಂಕ್ ಖಾತೆ ಸಂಖ್ಯೆ ಮುಚ್ಚಿದರೆ ನನ್ನ ತಕರಾರಿಲ್ಲ, ಮುಚ್ಚಬೇಕಾದದ್ದೇ. ಗುತ್ತಿಗೆದಾರರಿಗೆ ಕೊಟ್ಟ ಹಣದ ಮಾಹಿತಿಯನ್ನು ಮಾತ್ರ, ವಕೀಲರೊಂದಿಗಿನ ಗೋಪ್ಯ ವ್ಯವಹಾರದ ಹೊರತು, ತಡೆಹಿಡಿಯುವಂತಿಲ್ಲ, ಮುಚ್ಚುವಂತಿಲ್ಲ ಎಂದು 5215ನೇ ಸೆಕ್ಷನ್ ಹೇಳುತ್ತದೆ. ಹುಲ್ಲು ಕತ್ತರಿಸುವವರ ಕೂಲಿಗೂ ವಕೀಲರಿಗೂ ಏನು ಸಂಬಂಧ?

ಮೇ 12ರೊಳಗೆ ಹೆಸರು, ಮೊತ್ತ ಎರಡೂ ಕಾಣುವ ಪ್ರತಿಗಳನ್ನು ಇಮೇಲಿನಲ್ಲಿ ಕಳುಹಿಸಿ, 350 ಡಾಲರಿನ ಬೇಡಿಕೆಯನ್ನು ಹಿಂತೆಗೆದುಕೊಂಡಿರುವುದಾಗಿ ಬರೆದು ತಿಳಿಸಿ. ನಕಲಿನ ನಿಜವಾದ ಖರ್ಚು ಎಷ್ಟಾದರೂ ಅಂದೇ ಕೊಡುತ್ತೇನೆ. ಇಲ್ಲದಿದ್ದರೆ ಸಣ್ಣ ಮೊತ್ತದ ವ್ಯಾಜ್ಯ ನೋಡುವ ಅಲಮೀಡಾ ಕೌಂಟಿಯ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ಹೋಗುತ್ತೇನೆ. ಸಕಾರಣವಿಲ್ಲದೆ ನಿರಾಕರಿಸಿದ ಒಂದೊಂದು ಲಿಖಿತ ಕೋರಿಕೆಗೂ 500 ಡಾಲರಿನವರೆಗೆ ದಂಡ ವಿಧಿಸಲು ಅವಕಾಶವಿದೆ. ಅದನ್ನು ತೆರಬೇಕಾದದ್ದು ನೀವಲ್ಲ, ಸಂಘ. ಅಂದರೆ ಅದರಲ್ಲಿ ನನ್ನ 499ರ ಪಾಲೂ ಇರುತ್ತದೆ. ನನ್ನ ದುಡ್ಡಿನಿಂದಲೇ ನನಗೆ ದಂಡ ಕೊಡಿಸಿಕೊಳ್ಳುವ ಹುಚ್ಚು ನನಗಿಲ್ಲ. ಹಾಗೆಂದು ಬಿಟ್ಟುಬಿಡುತ್ತೇನೆ ಎಂದು ತಿಳಿಯಬೇಡಿ.

ಇಂಗ್ಲಿಷ್ ಪ್ರತಿ ಮಂಡಳಿಯ ಐವರು ಸದಸ್ಯರಿಗೂ ಹೋಗಿದೆ. ಈ ಸಲ ದಯವಿಟ್ಟು ಫೋನ್ ಮಾಡಬೇಡಿ. ಉತ್ತರ ಬರಹದಲ್ಲಿರಲಿ, ಕನ್ನಡದಲ್ಲಾದರೂ ಸರಿ.

ಇತಿ,
ಸಂಘದ ಸದಸ್ಯೆ ಮತ್ತು ಮನೆಯ ಮಾಲಕಿ